ತಲೆ ಸುತ್ತಿದ್ದಕ್ಕೆ ಕುತ್ತಿಗೆಗೆ ಪಟ್ಟಿ

ಮರ ಹತ್ತುವವರು ಸಿಗದೆ ಹೋದ ಮೇಲೆ ಮಲೆನಾಡು, ಕರಾವಳಿಯ ಅಡಿಕೆ ತೋಟಗಳಿಗೆ ಕಾರ್ಬನ್ ಫೈಬರ್ ದೋಟಿ ಬಂದಿದೆ. ನೆಲದ ಮೇಲೆ ನಿಂತೇ ಐವತ್ತು ಅರವತ್ತು ಅಡಿ ಎತ್ತರದ ಕೊನೆ ಇಳಿಸಬಹುದು, ಬಿದ್ದು ಸೊಂಟ ಮುರಿದುಕೊಳ್ಳುವ ಭಯವಿಲ್ಲ. ಆದರೆ ದಿನವಿಡೀ ಗೋಣು ಮೇಲೆತ್ತಿಕೊಂಡೇ ಇರಬೇಕು. ಕೊಯ್ಲು ಶುರುವಾಗಿ ವಾರ ಕಳೆಯುವುದರೊಳಗೆ ಕತ್ತು ಹಿಡಿದುಕೊಳ್ಳುತ್ತದೆ, ಹೆಗಲು ಬಿಗಿಯುತ್ತದೆ. ಹೀಗಿರುವಾಗ ಒಂದು ಬೆಳಗಿನ ಜಾವ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದ್ದೇ ತಡ, ಮಾಡು, ಜಂತಿ, ಗೋಡೆ ಎಲ್ಲವೂ ಗಿರ್ರೆಂದು ತಿರುಗಿ ಹೊಟ್ಟೆ ತೊಳಸುತ್ತದೆ. ಪೇಟೆಯ ಆಸ್ಪತ್ರೆಯಲ್ಲಿ ಕುತ್ತಿಗೆಯ ಎಕ್ಸ್-ರೇ ತೆಗೆಯುತ್ತಾರೆ. ಮಣಿಗಳ ನಡುವಿನ ಸಂದು ಕಿರಿದಾಗಿದೆ, ಅಂಚಿನಲ್ಲಿ ಅಲ್ಲಲ್ಲಿ ಹೊಸ ಮೂಳೆ ಬೆಳೆದಿದೆ. 'ಸ್ಪಾಂಡಿಲೈಟಿಸ್ ಇದೆ, ಅದಕ್ಕೇ ತಲೆಸುತ್ತು' ಎಂಬ ತೀರ್ಮಾನದ ಜೊತೆಗೆ ಕುತ್ತಿಗೆಗೊಂದು ಕಾಲರ್, ಹದಿನೈದು ದಿನಕ್ಕೆ ಮಾತ್ರೆ ಸಿಗುತ್ತದೆ.

ಆ ನೋವೂ ನಿಜ, ಆ ಸುತ್ತೂ ನಿಜ. ಎರಡನ್ನೂ ಸೇರಿಸಿ ಹಾಕಿದ ಗಂಟು ಮಾತ್ರ ಬಹಳ ಸಲ ಸುಳ್ಳು. ಕುತ್ತಿಗೆಯ ದೆಸೆಯಿಂದ ತಲೆಸುತ್ತು ಬರುವುದೇ ಇಲ್ಲವೆಂದಲ್ಲ. ಬರುತ್ತದೆ, ಆದರೆ ಊರಲ್ಲಿ ಹೇಳಿಕೊಂಡು ತಿರುಗುವಷ್ಟು ಬರುವುದಿಲ್ಲ. ವೈದ್ಯಕೀಯದಲ್ಲಿ ತಪ್ಪು ತೀರ್ಮಾನಗಳಿಗೆ ಬರವಿಲ್ಲ; ಈ ತೀರ್ಮಾನದ ವಿಶೇಷವೆಂದರೆ, ತಪ್ಪಾಗಿದ್ದಾಗಲೂ ತಾನೇ ಸರಿಯೆಂದು ಅದು ಸಾಬೀತು ಮಾಡಿಕೊಳ್ಳುತ್ತದೆ. ಹಾಗಾಗಿಯೇ ಇಷ್ಟು ವರ್ಷ ಗಟ್ಟಿಯಾಗಿ ನಿಂತಿದೆ.

ಮೊದಲನೆಯ ಸಾಕ್ಷಿ ಎಕ್ಸ್-ರೇ. ವಯಸ್ಸು ಐವತ್ತು ದಾಟಿದ ಯಾರ ಕುತ್ತಿಗೆಯ ಚಿತ್ರ ತೆಗೆದರೂ ಸವೆತ ಕಾಣುವ ಸಂಭವವೇ ಹೆಚ್ಚು. ತಲೆ ಸುತ್ತುವವರಲ್ಲೂ ಕಾಣುತ್ತದೆ, ಸುತ್ತದವರಲ್ಲೂ ಕಾಣುತ್ತದೆ. ಜಪಾನಿನಲ್ಲಿ ಯಾವ ತೊಂದರೆಯೂ ಇಲ್ಲದ 1,211 ಮಂದಿ ಸ್ವಯಂಸೇವಕರ ಕುತ್ತಿಗೆಯನ್ನು ಎಂ.ಆರ್.ಐ. ಮಾಡಿ ನೋಡಿದ್ದರು. 2015ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಶೇ 87.6 ಜನರ ಡಿಸ್ಕ್ ಉಬ್ಬಿತ್ತು. ಇಪ್ಪತ್ತರ ಹರೆಯದವರಲ್ಲೂ ಬಹುಪಾಲು ಮಂದಿಗೆ ಉಬ್ಬಿತ್ತು. ಇಂಥ ವರದಿಯನ್ನು ಕೈಯಲ್ಲಿ ಹಿಡಿದು 'ನನ್ನ ಡಿಸ್ಕ್ ಜಾರಿದೆಯಂತೆ' ಎಂದು ಕಂಗಾಲಾಗುವವರಿಗೆ, ಎದುರಿಗೆ ಕೂತ ಡಾಕ್ಟರ ಕುತ್ತಿಗೆಯೂ ಹೆಚ್ಚುಕಡಿಮೆ ಹಾಗೆಯೇ ಇರಬಹುದೆಂದು ಯಾರೂ ಹೇಳುವುದಿಲ್ಲ.

ಎರಡನೆಯ ಸಾಕ್ಷಿ ಕಾಲರ್. ಅದನ್ನು ಕಟ್ಟಿಕೊಂಡವರು ತಲೆ ಹೊರಳಿಸುವುದಿಲ್ಲ, ಮೇಲೆ ನೋಡುವುದಿಲ್ಲ, ಬಗ್ಗುವುದಿಲ್ಲ. ತಲೆ ಅಲುಗಿಸಿದಾಗ ಮಾತ್ರ ಬರುವ ಸುತ್ತು ಆಗ ಬರದಿರುವುದು ಸಹಜ. ಆದರೆ ರೋಗಿಗೆ ಕಾಣುವುದೇ ಬೇರೆ: ಪಟ್ಟಿ ಕಟ್ಟಿದೆ, ಸುತ್ತು ನಿಂತಿತು, ಹಾಗಾದರೆ ದೋಷ ಕುತ್ತಿಗೆಯದೇ. ಮೂರನೆಯ ಸಾಕ್ಷಿ ಕಾಲ. ಈ ಬಗೆಯ ಸುತ್ತು ಎಷ್ಟೋ ಸಲ ಕೆಲವು ವಾರಗಳಲ್ಲಿ ತಾನಾಗಿ ಹೋಗಿಬಿಡುತ್ತದೆ. ಆಗ ಹೆಸರು ಮಾತ್ರೆಗೆ, ಕಾಲರಿಗೆ, ಇಲ್ಲವೇ ಬಿಸಿಲಿಗೆ ಒಣಹಾಕಿದ ದಿಂಬಿಗೆ ಬರುತ್ತದೆ.

ಇನ್ನೂ ಒಂದು ತಿರುವು ಇದೆ, ಅದನ್ನು ಗಮನಿಸುವವರು ಕಡಿಮೆ. ಒಮ್ಮೆ ಲೋಕವೇ ತಿರುಗಿದ ಅನುಭವವಾದವರು ಮತ್ತೆ ಹಾಗಾಗದಿರಲೆಂದು ಕುತ್ತಿಗೆಯನ್ನು ಬಿಗಿಹಿಡಿದು ನಡೆಯತೊಡಗುತ್ತಾರೆ. ಯಾರಾದರೂ ಕರೆದರೆ ತಲೆಯನ್ನಲ್ಲ, ಇಡೀ ಮೈಯನ್ನೇ ತಿರುಗಿಸುತ್ತಾರೆ. ರಾತ್ರಿ ಒಂದೇ ಮಗ್ಗುಲಲ್ಲಿ ಮಲಗುತ್ತಾರೆ. ಹತ್ತು ದಿನ ಹೀಗೆ ಮಾಡಿದರೆ ಯಾರ ಕತ್ತೂ ನೋಯುತ್ತದೆ. ಅಂದರೆ ನೋವು ಸುತ್ತಿನ ಹಿಂದೆ ಬಂದಿರುತ್ತದೆ. ಕಥೆ ಹೇಳುವಾಗ ಮುಂದೆ ಬಂದು ನಿಲ್ಲುತ್ತದೆ.

ಹಾಗಾದರೆ ಆ ಬೆಳಗಿನ ಜಾವ ತಿರುಗಿದ್ದು ಯಾವುದರಿಂದ? ಬಹುಮಟ್ಟಿಗೆ ಕಿವಿಯಿಂದ. ಗಾರೆ ಕೆಲಸದವರ ಕೈಯಲ್ಲಿ ರಸಮಟ್ಟ ಇರುತ್ತದಲ್ಲ, ಅಂಥ ಮೂರು ಕೊಳವೆಗಳು ಒಂದೊಂದು ಒಳಗಿವಿಯಲ್ಲೂ ಇವೆ. ಒಂದಕ್ಕೊಂದು ಅಡ್ಡವಾಗಿ, ಅರೆವೃತ್ತಾಕಾರದಲ್ಲಿ ಬಾಗಿ, ಒಳಗೆ ದ್ರವ ತುಂಬಿಕೊಂಡಿವೆ. ತಲೆ ಯಾವ ದಿಕ್ಕಿಗೆ ತಿರುಗಿತೆಂದು ಮೆದುಳಿಗೆ ತಿಳಿಸುವುದು ಇವುಗಳ ಕೆಲಸ. ಪಕ್ಕದಲ್ಲೇ ಯುಟ್ರಿಕಲ್ ಎಂಬ ಪುಟ್ಟ ಚೀಲವಿದೆ, ಅದರೊಳಗೆ ಕ್ಯಾಲ್ಸಿಯಂ ಕಾರ್ಬೊನೇಟಿನ ಸೂಕ್ಷ್ಮ ಹರಳುಗಳು ಅಂಟಿಕೊಂಡಿರುತ್ತವೆ. ವಯಸ್ಸಿನಿಂದಲೋ, ತಲೆಗೆ ಬಿದ್ದ ಪೆಟ್ಟಿನಿಂದಲೋ, ಎಷ್ಟೋ ಸಲ ಕಾರಣವೇ ತಿಳಿಯದೆಯೋ ಕೆಲವು ಹರಳುಗಳು ಕಳಚಿ ಕೊಳವೆಯೊಳಕ್ಕೆ ಜಾರುತ್ತವೆ. ಹೆಚ್ಚಾಗಿ ಹಿಂದಿನ ಕೊಳವೆಗೆ, ಏಕೆಂದರೆ ಅದೇ ಎಲ್ಲಕ್ಕಿಂತ ತಗ್ಗಿನಲ್ಲಿದೆ. ಆಮೇಲೆ ತಲೆ ಹೊರಳಿದಾಗಲೆಲ್ಲ ಹರಳು ಉರುಳಿ, ದ್ರವವನ್ನು ಎಳೆದು, ತಲೆ ನಿಂತ ಮೇಲೂ 'ತಿರುಗುತ್ತಿದೆ, ತಿರುಗುತ್ತಿದೆ' ಎಂಬ ಸುಳ್ಳು ಸುದ್ದಿ ಕಳಿಸುತ್ತದೆ. ಹರಳು ತಳ ಮುಟ್ಟಿದೊಡನೆ ಸುದ್ದಿ ನಿಲ್ಲುತ್ತದೆ. ಆದ್ದರಿಂದಲೇ ಈ ಸುತ್ತು ಒಂದು ನಿಮಿಷ ದಾಟುವುದು ಅಪರೂಪ, ಅನುಭವಿಸಿದವರಿಗೆ ಅದು ಅರ್ಧ ಗಂಟೆಯೆನಿಸಿದರೂ. ವೈದ್ಯರು ಇದನ್ನು ಬಿ.ಪಿ.ಪಿ.ವಿ. ಎನ್ನುತ್ತಾರೆ.

ಮಲಗುವಾಗ, ಏಳುವಾಗ, ಮಗ್ಗುಲಾಗುವಾಗ, ಅಟ್ಟದ ಮೇಲಿನ ಡಬ್ಬಿಗೆ ಕತ್ತೆತ್ತಿದಾಗ, ಚಪ್ಪಲಿ ಹುಡುಕಲು ಬಗ್ಗಿದಾಗ ಇದು ಬರುತ್ತದೆ. ಈ ಪಟ್ಟಿಯಲ್ಲಿ ಕುತ್ತಿಗೆ ಅಲುಗದ ಒಂದು ಚಲನೆಯೂ ಇಲ್ಲ. ಅಪವಾದ ಕುತ್ತಿಗೆಯ ಮೇಲೆ ಬೀಳುವುದು ಇಲ್ಲಿಂದಲೇ. ಆದರೆ ಗಮನಿಸಿ: ಮಗ್ಗುಲು ಬದಲಿಸುವಾಗ ತಲೆ, ಕುತ್ತಿಗೆ, ಮೈ ಮೂರೂ ಒಟ್ಟಿಗೇ ಉರುಳುತ್ತವೆ, ಕುತ್ತಿಗೆ ಹೊರಳುವುದು ಅಷ್ಟಕ್ಕಷ್ಟೇ. ಕುತ್ತಿಗೆಯನ್ನು ಹೆಚ್ಚೇನೂ ತಿರುಚದೆ ಮಲಗಿದಲ್ಲೇ ಹೊರಳಿದಾಗ ಲೋಕ ಗಿರ್ರೆಂದರೆ ಅನುಮಾನ ಮೊದಲು ಕಿವಿಯ ಕಡೆ ಹೋಗಬೇಕು.

ಕಿವಿಗೂ ತಲೆಸುತ್ತಿಗೂ ಇರುವ ನಂಟನ್ನು ಬಿಡಿಸಿ ತೋರಿಸಿದವರಲ್ಲಿ ವಿಯೆನ್ನಾದ ರಾಬರ್ಟ್ ಬಾರಾನಿ ದೊಡ್ಡ ಹೆಸರು. ರೋಗಿಗಳ ಕಿವಿ ತೊಳೆಯುವಾಗ ನೀರು ತೀರಾ ತಣ್ಣಗಿದ್ದರೆ ಅವರಿಗೆ ತಲೆ ತಿರುಗುವುದನ್ನು, ಕಣ್ಣುಗುಡ್ಡೆ ಒಂದು ದಿಕ್ಕಿಗೆ ಜಗ್ಗುವುದನ್ನು, ಬಿಸಿಯಾಗಿದ್ದರೆ ಅದು ಎದುರು ದಿಕ್ಕಿಗೆ ಜಗ್ಗುವುದನ್ನು ಕಂಡು ಅವನು ಅದನ್ನೇ ಪರೀಕ್ಷೆಯಾಗಿ ಬೆಳೆಸಿದ. 1914ರ ನೊಬೆಲ್ ಪ್ರಶಸ್ತಿ ಬಂದ ಸುದ್ದಿ ಅವನಿಗೆ ತಲುಪಿದ್ದು ರಷ್ಯನ್ನರ ಯುದ್ಧಕೈದಿಯಾಗಿದ್ದಾಗ. ಸ್ವೀಡನ್ನಿನ ರಾಜಕುಮಾರ ಕಾರ್ಲ್ ನಡುವೆ ಬಂದು ಅವನನ್ನು ಬಿಡಿಸಬೇಕಾಯಿತು. ಮಲಗಿದಾಗ ಬರುವ ಈ ಸುತ್ತನ್ನು 1921ರಲ್ಲಿ ವರ್ಣಿಸಿ ಅದರ ಮೂಲ ಒಳಗಿವಿಯೆಂದು ಹೇಳಿದವನೂ ಅವನೇ. 1952ರಲ್ಲಿ ಲಂಡನ್ನಿನ ಮಾರ್ಗರೆಟ್ ಡಿಕ್ಸ್ ಮತ್ತು ಚಾರ್ಲ್ಸ್ ಹಾಲ್‌ಪೈಕ್ ಅದನ್ನು ಪತ್ತೆಹಚ್ಚುವ ಪರೀಕ್ಷೆ ಕೊಟ್ಟರು. ಅಮೆರಿಕದ ಜಾನ್ ಎಪ್ಲಿ ಎಂಬ ಕಿವಿಯ ವೈದ್ಯ, ಔಷಧವಿಲ್ಲದೆ ತಲೆಯನ್ನು ಕ್ರಮವಾಗಿ ಹೊರಳಿಸಿಯೇ ಹರಳನ್ನು ಹೊರಗೆ ತರಬಹುದೆಂದ. ಇಷ್ಟು ಸುಲಭದ್ದನ್ನು ನಂಬಲು ಸಹೋದ್ಯೋಗಿಗಳು ವರ್ಷಗಟ್ಟಲೆ ತಯಾರಿರಲಿಲ್ಲ. ಅವನ ಪ್ರಬಂಧ ಅಚ್ಚಾಗಿದ್ದು 1992ರಲ್ಲಿ.

ಪರೀಕ್ಷೆಗೆ ಬೇಕಾದ ಸಾಮಾನೆಂದರೆ ಒಂದು ಮಂಚ. ಕೂತವರ ತಲೆಯನ್ನು ಒಂದು ಪಕ್ಕಕ್ಕೆ 45 ಡಿಗ್ರಿ ತಿರುಗಿಸಿ, ಬೇಗನೆ ಹಿಂದಕ್ಕೆ ಮಲಗಿಸಿ, ತಲೆ ಮಂಚದಂಚಿನಿಂದ ತುಸು ಕೆಳಗಿಳಿಯುವಂತೆ ಹಿಡಿಯುತ್ತಾರೆ. ದೋಷ ಆ ಕಿವಿಯಲ್ಲಿದ್ದರೆ ಕೆಲವು ಕ್ಷಣ ಬಿಟ್ಟು ಸುತ್ತು ಶುರುವಾಗುತ್ತದೆ, ಕಣ್ಣುಗುಡ್ಡೆ ತಿರುಚುತ್ತಾ ಜಗ್ಗುತ್ತದೆ. ವೈದ್ಯರು ನೋಡುವುದು ಆ ಕಣ್ಣನ್ನು. ಎಪ್ಲಿಯ ಕ್ರಮ ಅಲ್ಲಿಂದಲೇ ಮುಂದುವರಿಯುತ್ತದೆ: ಸುತ್ತು ನಿಲ್ಲುವವರೆಗೆ, ಅಂದರೆ ಅರ್ಧ ನಿಮಿಷದಿಂದ ಒಂದು ನಿಮಿಷ, ಹಾಗೇ ಇದ್ದು ತಲೆಯನ್ನು ಎದುರು ಪಕ್ಕಕ್ಕೆ 90 ಡಿಗ್ರಿ ತಿರುಗಿಸುವುದು, ಅಷ್ಟೇ ಹೊತ್ತು ಕಾಯುವುದು, ಅದೇ ದಿಕ್ಕಿಗೆ ಮೈಯನ್ನೂ ಮಗ್ಗುಲಾಗಿಸಿ ಮೂಗು ನೆಲದ ಕಡೆ ಬರುವಂತೆ ತಲೆ ಹೊರಳಿಸುವುದು, ಮತ್ತೆ ಕಾಯುವುದು, ಕೊನೆಗೆ ಗದ್ದ ತಗ್ಗಿಸಿ ಎದ್ದು ಕೂರುವುದು. ಎಲ್ಲ ಸೇರಿ ಐದು ನಿಮಿಷ. ಹತ್ತರಲ್ಲಿ ಎಂಟು ಮಂದಿಗೆ ಒಂದೋ ಎರಡೋ ಮೂರೋ ಸಲಕ್ಕೆ ಗುಣ ಕಾಣುತ್ತದೆ. ಮೊದಲ ಸಲ ತಿಳಿದವರ ಕೈಯಲ್ಲೇ ಮಾಡಿಸಿಕೊಳ್ಳಬೇಕು. ಯಾವ ಕಿವಿ, ಯಾವ ಕೊಳವೆ ಎಂದು ತಿಳಿಯದೆ ಮೊಬೈಲಿನ ವಿಡಿಯೊ ನೋಡಿ ಹೊರಳಾಡಿದರೆ ಹರಳು ಇದ್ದಲ್ಲೇ ಇರುತ್ತದೆ, ವಾಂತಿ ಮಾತ್ರ ಖಚಿತ.

ಕುತ್ತಿಗೆ ನಿಜವಾಗಿಯೂ ಕೆಟ್ಟವರಿಗೆ ಇಲ್ಲೊಂದು ತೊಡಕು ಎದುರಾಗುತ್ತದೆ. ತಲೆಯನ್ನು ಹಿಂದಕ್ಕೆ ಇಳಿಬಿಡುವುದು ಅವರಿಂದಾಗದು. ಆಮವಾತ ಅಂದರೆ ರುಮಟಾಯ್ಡ್ ಸಂಧಿವಾತದಲ್ಲಿ ಕುತ್ತಿಗೆಯ ಮೇಲಿನ ಎರಡು ಮಣಿಗಳ ಹಿಡಿತ ಸಡಿಲಾಗಿರಬಹುದು. ಅಂಥವರ ಕತ್ತನ್ನು ಯಾರೂ ಬಲವಂತವಾಗಿ ಮಣಿಸಕೂಡದು. ಹಾಗೆಂದು ಚಿಕಿತ್ಸೆ ಇಲ್ಲವೆಂದಲ್ಲ. ತಲೆ ಇಳಿಬಿಡುವ ಬದಲು ಮಂಚವನ್ನೇ ಓರೆ ಮಾಡಬಹುದು, ಹೆಗಲಡಿಗೆ ದಿಂಬಿಟ್ಟು ತಲೆಗೆ ಹಾಸಿಗೆಯ ಆಸರೆ ಕೊಡಬಹುದು, ಇಲ್ಲವೇ ಕೂತಲ್ಲಿಂದ ಒಂದು ಮಗ್ಗುಲಿಗೆ ಮಲಗಿಸಿ ಎಬ್ಬಿಸಿ ಇನ್ನೊಂದು ಮಗ್ಗುಲಿಗೆ ಮಲಗಿಸುವ ಸೆಮಾಂಟ್ ಕ್ರಮವನ್ನು ಹಿಡಿಯಬಹುದು. ನೋವಿರುವ ಕತ್ತಿಗೆ ಮಾಡಬಹುದಾದ ದೊಡ್ಡ ಉಪಕಾರವೆಂದರೆ ಕಿವಿಯ ಸುತ್ತನ್ನು ಮೊದಲು ನಿಲ್ಲಿಸುವುದು. ಭಯ ಹೋದರೆ ಬಿಗಿತ ಅರ್ಧ ಇಳಿಯುತ್ತದೆ.

ತಲೆಸುತ್ತು ಎಂದವರನ್ನು 'ಹೇಗೆ ಸುತ್ತುತ್ತದೆ, ತೇಲಿದಂತೆಯೋ, ತಿರುಗಿದಂತೆಯೋ' ಎಂದು ಕೇಳುವುದು ಹಳೆಯ ಪದ್ಧತಿ. ಒಬ್ಬರೇ ರೋಗಿ ಹತ್ತು ನಿಮಿಷದ ಅಂತರದಲ್ಲಿ ಎರಡು ಬಗೆಯ ಉತ್ತರ ಕೊಡುತ್ತಾರೆ. ಈಗ ಈ ವಿಷಯದಲ್ಲಿ ಪಳಗಿದ ವೈದ್ಯರು ಹೆಚ್ಚು ನೆಚ್ಚುವುದು ಬೇರೆ ಪ್ರಶ್ನೆಗಳನ್ನು: ಏನು ಮಾಡುವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಜೊತೆಗೆ ಇನ್ನೇನಾಗುತ್ತದೆ. ಮಲಗಿ ಎದ್ದು ನಿಂತಾಗ ಕಣ್ಣು ಕತ್ತಲಿಟ್ಟು ಕೂತರೆ ಸರಿಹೋಗುವುದು ಬಹುತೇಕ ರಕ್ತದೊತ್ತಡದ ಕುಸಿತ. ನಿಂತು ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದು ಲೆಕ್ಕಕ್ಕೆ ಬರುತ್ತದೆ. ಬಿ.ಪಿ. ಮಾತ್ರೆ ಹೆಚ್ಚಾದ ಅಜ್ಜಂದಿರಿಗೆ, ಪ್ರಾಸ್ಟೇಟಿಗೆಂದು ರಾತ್ರಿ ಗುಳಿಗೆ ನುಂಗುವವರಿಗೆ, ಹಳೆಯ ಸಕ್ಕರೆ ಕಾಯಿಲೆಯವರಿಗೆ ಇದು ದಿನನಿತ್ಯದ ಮಾತು. ಆದರೂ ಕೂತಲ್ಲೊಮ್ಮೆ, ನಿಂತಲ್ಲೊಮ್ಮೆ ಬಿ.ಪಿ. ನೋಡುವ ಕ್ಲಿನಿಕ್ಕುಗಳು ಎಷ್ಟಿವೆ? ಐದು ನಿಮಿಷದಿಂದ ಮೂರು ದಿನದವರೆಗೆ ಎಷ್ಟಾದರೂ ಹಿಡಿದು, ಬೆಳಕು, ಗದ್ದಲ ಸಹಿಸಲಾಗದೆ ಕತ್ತಲೆ ಕೋಣೆ ಬೇಡುವ ಸುತ್ತು ಮೈಗ್ರೇನಿನದಿರಬಹುದು. ಮೈಗ್ರೇನಿನಲ್ಲಿ ಕತ್ತಿನ ಹಿಂಭಾಗ ಬಿಗಿದು ನೋಯುವುದು ತೀರಾ ಸಾಮಾನ್ಯ, ತಲೆನೋವು ಅದೇ ಹೊತ್ತಿಗೆ ಬರಲೇಬೇಕೆಂದಿಲ್ಲ. ಹೀಗಾಗಿ ಎಷ್ಟೋ ಹೆಂಗಸರ ಮೈಗ್ರೇನು ವರ್ಷಗಟ್ಟಲೆ ಸ್ಪಾಂಡಿಲೈಟಿಸ್ ಎಂಬ ಹೆಸರಿನಲ್ಲಿ ಸಂಸಾರ ಮಾಡುತ್ತದೆ. ಕಿವಿ ಮಂದವಾಗಿ, ಒಳಗೆ ಗುಂಯ್‌ಗುಡುತ್ತಾ ಗಂಟೆಗಟ್ಟಲೆ ತಿರುಗಿಸುವುದು ಇನ್ನೊಂದು ಜಾತಿ.

ಇವನ್ನೆಲ್ಲ ಬದಿಗಿಟ್ಟ ಮೇಲೆ ಉಳಿಯುವ ಒಂದಿಷ್ಟು ಮಂದಿಯದು ನಿಜಕ್ಕೂ ಕುತ್ತಿಗೆಯ ಸುತ್ತು. 1955ರಲ್ಲಿ ರಯಾನ್ ಮತ್ತು ಕೋಪ್ ಎಂಬ ಇಬ್ಬರು ವೈದ್ಯರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದರು, ವಾದ ಇವತ್ತಿಗೂ ಮುಗಿದಿಲ್ಲ. ವಿವರಣೆ ಹೀಗೆ. ತಲೆಬುರುಡೆಯ ಬುಡದಲ್ಲಿ, ಮೊದಲೆರಡು ಮಣಿಗಳ ಸುತ್ತ ಇರುವ ಚಿಕ್ಕ ಚಿಕ್ಕ ಸ್ನಾಯುಗಳಲ್ಲಿ ಸಂವೇದಕಗಳು ಕಿಕ್ಕಿರಿದಿವೆ. ಮೈಯ ಮೇಲೆ ತಲೆ ಎಷ್ಟು ತಿರುಗಿದೆಯೆಂದು ಹೇಳುವುದು ಅವು. ಕಣ್ಣು ಒಂದು ಲೆಕ್ಕ ಕೊಡುತ್ತದೆ, ಕಿವಿ ಇನ್ನೊಂದು ಕೊಡುತ್ತದೆ, ಮೂರೂ ತಾಳೆಯಾದರೆ ಸಮತೋಲ. ವಾಹನದ ಅಪಘಾತದಲ್ಲಿ ಕತ್ತು ಹಿಂದಕ್ಕೂ ಮುಂದಕ್ಕೂ ಜಗ್ಗಿದವರಲ್ಲಿ, ದೀರ್ಘಕಾಲದ ನೋವಿನಿಂದ ಸ್ನಾಯು ಸೆಟೆದವರಲ್ಲಿ ಕತ್ತಿನ ಲೆಕ್ಕ ತಪ್ಪುತ್ತದೆ, ಮೆದುಳು ಗಲಿಬಿಲಿಗೊಳ್ಳುತ್ತದೆ. ಇಂಥವರಿಗೆ ಲೋಕ ಗಿರ್ರೆಂದು ತಿರುಗುವುದು ಕಡಿಮೆ. ಹೆಜ್ಜೆ ಭದ್ರವಿಲ್ಲ, ತಲೆ ಹಗುರ, ನಡೆಯುವಾಗ ಜೋಲಿ ಹೊಡೆದಂತೆ ಎನ್ನುತ್ತಾರೆ. ಕತ್ತು ನೋವು ಹೆಚ್ಚಿದ ದಿನ ಅದೂ ಹೆಚ್ಚು, ನೋವಿಳಿದ ದಿನ ಅದೂ ಇಳಿಯುತ್ತದೆ. ಕತ್ತು ನೋವೇ ಇಲ್ಲದವರಿಗೆ ಈ ಹೆಸರು ಕೊಡಲಾಗದು.

ಕಿವಿಯನ್ನು ಕತ್ತಿನಿಂದ ಬೇರೆ ಮಾಡಿ ನೋಡಲು ಒಂದು ಉಪಾಯವಿದೆ. ತಿರುಗುವ ಕುರ್ಚಿಯಲ್ಲಿ ಕೂರಿಸಿ, ತಲೆಯನ್ನು ಅಲುಗದಂತೆ ಹಿಡಿದು, ಮೈಯನ್ನು ಮಾತ್ರ ಎಡಕ್ಕೆ ಬಲಕ್ಕೆ ತಿರುಗಿಸುವುದು. ತಲೆ ನಿಂತೇ ಇರುವುದರಿಂದ ಕಿವಿಯ ಕೊಳವೆಗೆ ಏನೂ ತಿಳಿಯುವುದಿಲ್ಲ, ತಿರುಚುವುದು ಕತ್ತು ಮಾತ್ರ. ಆಗಲೂ ಸುತ್ತಿದರೆ ಕತ್ತಿನ ಕಡೆ ಬೆರಳು ತೋರಿಸಬಹುದು. ಇದೊಂದನ್ನೇ ನಂಬಿ ತೀರ್ಪು ಕೊಡಲಾಗದು, ಸುಳಿವೆಂದು ಹಿಡಿಯಬಹುದು. ಇನ್ನೊಂದು ಪರೀಕ್ಷೆ ನನಗೆ ಬಹಳ ಇಷ್ಟವಾದದ್ದು. ತಲೆಗೆ ಲೇಸರ್ ದೀಪದ ಪಟ್ಟಿ ಕಟ್ಟಿ, ಗೋಡೆಯಿಂದ 90 ಸೆಂಟಿಮೀಟರ್ ದೂರ ಕೂರಿಸಿ, ಬೆಳಕಿನ ಚುಕ್ಕಿ ಬಿದ್ದಲ್ಲಿ ಗುರುತು ಮಾಡುತ್ತಾರೆ. ಕಣ್ಣು ಮುಚ್ಚಿ ತಲೆಯನ್ನು ಪಕ್ಕಕ್ಕೆ ತಿರುಗಿಸಿ ಮತ್ತೆ ಮೊದಲಿನ ಜಾಗಕ್ಕೆ ತರಬೇಕು. ಚುಕ್ಕಿ ಗುರುತಿನಿಂದ ಏಳು ಸೆಂಟಿಮೀಟರ್ ಆಚೆ, ಅಂದರೆ ಸುಮಾರು 4.5 ಡಿಗ್ರಿಗಿಂತ ಹೆಚ್ಚು ತಪ್ಪಿ ಬೀಳುತ್ತಿದ್ದರೆ ಕತ್ತಿನ ಲೆಕ್ಕ ಕೆಟ್ಟಿದೆ. ಚಿಕಿತ್ಸೆಯೂ ಅದೇ: ದಿನಾ ಆ ಗುರಿ ಹಿಡಿಯುವ ಅಭ್ಯಾಸ. ಹೆಬ್ಬೆರಳನ್ನು ಮುಂದೆ ಹಿಡಿದು, ನೋಟವನ್ನು ಅದರ ಮೇಲೆ ನೆಟ್ಟು ತಲೆಯನ್ನು ಮಾತ್ರ ಆಡಿಸುವುದು, ದಿನ ಕಳೆದಂತೆ ವೇಗ ಹೆಚ್ಚಿಸುವುದು ಇದರ ಜೋಡಿ ವ್ಯಾಯಾಮ. ಜೊತೆಗೆ ಕತ್ತಿನ ಮೇಲ್ಭಾಗದ ಬಿಗಿತವನ್ನು ಫಿಸಿಯೊಥೆರಪಿಸ್ಟ್ ಕೈಯಿಂದ ಮೆಲ್ಲಗೆ ಸಡಿಲಿಸಬೇಕು. ಕಾಲರ್ ಹಾಕಿದರೆ ಈ ಎಲ್ಲ ಕಲಿಕೆಯೂ ನಿಂತುಹೋಗುತ್ತದೆ. ಕುತ್ತಿಗೆಯದೇ ದೋಷವಾದಾಗಲೂ ಕಾಲರ್ ತಪ್ಪು ಮದ್ದೇ.

'ಮೂಳೆ ಬೆಳೆದು ನರ ಒತ್ತಿ ಮೆದುಳಿಗೆ ರಕ್ತ ಹೋಗುತ್ತಿಲ್ಲ' ಎಂಬ ಮಾತು ಊರೂರಲ್ಲಿ ಕೇಳುತ್ತದೆ. ಕುತ್ತಿಗೆಯ ಮಣಿಗಳ ಪಕ್ಕದ ರಂಧ್ರಗಳ ಮೂಲಕ ಎಡಕ್ಕೊಂದು ಬಲಕ್ಕೊಂದು ರಕ್ತನಾಳ ಮೆದುಳಿನ ಹಿಂಭಾಗಕ್ಕೆ ಹೋಗುವುದು ಹೌದು. ಒಂದು ಕಿರಿದಾದರೂ ಸಾಮಾನ್ಯವಾಗಿ ಇನ್ನೊಂದು ಅದರ ಭಾರ ಹೊರುತ್ತದೆ. ಕತ್ತು ತಿರುಗಿಸಿದ ಮಾತ್ರಕ್ಕೆ ರಕ್ತ ನಿಂತು ತಲೆ ಸುತ್ತುವುದು ಇದೆ, ಆದರೆ ತೀರಾ ವಿರಳ. ನಾಳದ ನಿಜವಾದ ಅಪಾಯ ಬೇರೆ ಕಡೆ ಇದೆ. ಕತ್ತನ್ನು ಝಾಡಿಸಿ ತಿರುಚಿದರೆ ಅದರ ಒಳಪದರ ಹರಿಯಬಹುದು, ಅಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಹೊಡೆಯಬಹುದು. ಕ್ಷೌರ ಮುಗಿದ ಮೇಲೆ ತಲೆಯನ್ನು ಹಿಡಿದು ಫಟ್ಟನೆ ಹೊರಳಿಸಿ ನೆಟಿಕೆ ತೆಗೆಯುವುದು ನಮ್ಮಲ್ಲಿ ಉಚಿತ ಸೇವೆ. ಅಂಥದೊಂದು ಸೇವೆಯ ಬಳಿಕ ಬಳ್ಳಾರಿ ಕಡೆಯ ಮೂವತ್ತರ ಯುವಕನೊಬ್ಬನಿಗೆ ಕತ್ತಿನ ರಕ್ತನಾಳ ಹರಿದು ಪಾರ್ಶ್ವವಾಯುವಾದ ಸುದ್ದಿ 2024ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಬ್ಯೂಟಿ ಪಾರ್ಲರಿನಲ್ಲಿ ತಲೆ ತೊಳೆಯುವಾಗ ಬೇಸಿನ್ನಿನಂಚಿಗೆ ಕತ್ತನ್ನು ಬಹಳ ಹೊತ್ತು ಹಿಂದಕ್ಕೆ ಬಾಗಿಸಿಟ್ಟು ಪಾರ್ಶ್ವವಾಯುವಾದ ಐದು ಪ್ರಕರಣಗಳನ್ನು ಅಮೆರಿಕದ ವೈದ್ಯರೊಬ್ಬರು 1993ರಲ್ಲೇ ವರದಿ ಮಾಡಿದ್ದಾರೆ. ಪಾರ್ಲರಿಗೆ ಹೋಗಬಾರದೆಂದಲ್ಲ, ಕತ್ತಿನಡಿಗೆ ದಪ್ಪ ಟವೆಲ್ ಕೇಳಿದರೆ ಆಯಿತು. ನೆಟಿಕೆಯನ್ನು ಮಾತ್ರ ಬೇಡವೆಂದೇ ಹೇಳಬೇಕು.

ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ನುಂಗಲು ಕಷ್ಟವಾದರೆ, ಮುಖ ಇಲ್ಲವೇ ಒಂದು ಪಕ್ಕದ ಕೈಕಾಲು ಸೋತರೆ, ಆಸರೆಯಿಲ್ಲದೆ ನಿಲ್ಲಲೇ ಆಗದಿದ್ದರೆ, ಹಿಂದೆಂದೂ ಕಾಣದ ತೀವ್ರ ನೋವು ಕತ್ತಿನಲ್ಲೋ ತಲೆಯಲ್ಲೋ ಎದ್ದಿದ್ದರೆ, ಆ ತಲೆಸುತ್ತಿಗೆ ಕಿವಿಯೋ ಕತ್ತೋ ಎಂಬ ಚರ್ಚೆ ಬೇಡ. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡಲು ಇರುವ ಅವಧಿ ನಾಲ್ಕೂವರೆ ಗಂಟೆ. ನಿಂಬೆಹಣ್ಣು ಮೂಸಿಸುತ್ತಾ, ಉಪ್ಪು ಸಕ್ಕರೆ ನೀರು ಕುಡಿಸುತ್ತಾ ಅದನ್ನು ಕಳೆಯಬಾರದು. ಮೊದಲ ಸಿ.ಟಿ. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲವೆಂದು ಮನೆಗೆ ಹೊರಡುವುದೂ ಸರಿಯಲ್ಲ. ಮೆದುಳಿನ ಹಿಂಭಾಗದ ಹೊಸ ಪೆಟ್ಟು ಅದರಲ್ಲಿ ತಪ್ಪಿಸಿಕೊಳ್ಳುವುದುಂಟು. ಇನ್ನೊಂದು ಅಪಾಯ ನಿಧಾನವಾಗಿ ಬರುತ್ತದೆ: ಅಂಗಿಯ ಗುಂಡಿ ಹಾಕಲು ಬೆರಳು ತಡಕಾಡುತ್ತದೆ, ಚಪ್ಪಲಿ ಕಾಲಿಂದ ಕಳಚುವುದು ಗೊತ್ತಾಗುವುದಿಲ್ಲ, ನಡಿಗೆ ಬಿಗಿಯಾಗುತ್ತದೆ, ಮೂತ್ರದ ಹಿಡಿತ ತಪ್ಪುತ್ತದೆ. ಇದು ಕುತ್ತಿಗೆಯಲ್ಲಿ ಬೆನ್ನುಹುರಿಯೇ ಅದುಮಿಕೊಂಡ ಲಕ್ಷಣ. ಇಂಥವರಿಗೆ ಎಂ.ಆರ್.ಐ. ಬೇಕು, ಶಸ್ತ್ರವೈದ್ಯರೂ ಬೇಕು. ಕತ್ತು ನೋಯುವ ಎಲ್ಲರಿಗೂ ಎರಡೂ ಬೇಡ.

ಇನ್ನು ದಿನನಿತ್ಯದ ಕತ್ತು ನೋವು. ತಲೆಯ ತೂಕ ನಾಲ್ಕೂವರೆ, ಐದು ಕಿಲೊ. ಮೊಬೈಲ್ ನೋಡಲು 60 ಡಿಗ್ರಿ ಬಗ್ಗಿದರೆ ಕತ್ತಿನ ಮೇಲೆ 27 ಕಿಲೊ ಭಾರ ಬೀಳುತ್ತದೆಂಬ ಚಿತ್ರ ಎಲ್ಲರ ವಾಟ್ಸ್ಆ್ಯಪಿಗೂ ಬಂದು ಹೋಗಿದೆ. ಅದು 2014ರಲ್ಲಿ ಅಮೆರಿಕದ ಬೆನ್ನುಮೂಳೆ ವೈದ್ಯರೊಬ್ಬರು ಗಣಿತದ ಮಾದರಿಯಿಂದ ತೆಗೆದ ಅಂಕಿ, ಯಾರ ಕತ್ತಿಗೂ ತಕ್ಕಡಿ ಕಟ್ಟಿ ತೂಗಿದ್ದಲ್ಲ. ಬಗ್ಗುವುದು ಪಾಪವಲ್ಲ. ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಕೂರುವುದು ಕಷ್ಟ ತರುತ್ತದೆ, ಅದು ನೆಟ್ಟಗಿನ ಭಂಗಿಯಾದರೂ ಸರಿಯೇ. ದಕ್ಷಿಣ ಕನ್ನಡದ ಬೀಡಿ ಕಟ್ಟುವ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೆರಸೆ ಮಡಿಲಲ್ಲಿರುತ್ತದೆ, ಕಣ್ಣು ಗೆರಸೆಯಲ್ಲಿ, ಲೆಕ್ಕ ಸಾವಿರದಲ್ಲಿ. ಗೆರಸೆಯನ್ನು ದಿಂಬಿನ ಮೇಲೋ ಗಿಡ್ಡ ಮಣೆಯ ಮೇಲೋ ಇಟ್ಟು ಒಂದು ಗೇಣು ಎತ್ತರಿಸಿದರೆ, ಒಂದು ಕಟ್ಟು ಮುಗಿದಾಗಲೆಲ್ಲ ಎದ್ದು ಹೆಗಲು ತಿರುಗಿಸಿದರೆ ಸಂಜೆಯ ನೋವಿನಲ್ಲಿ ವ್ಯತ್ಯಾಸ ಕಾಣುತ್ತದೆ. ದೋಟಿ ಹಿಡಿಯುವವರು ಅರ್ಧ ಗಂಟೆಗೊಮ್ಮೆ ಕೆಳಗೆ ಕೊನೆ ಹಿಡಿಯುವವರ ಜೊತೆ ಕೆಲಸ ಬದಲಾಯಿಸಿಕೊಳ್ಳುವುದು ಒಳ್ಳೆಯದು. ಬಂಡೆ ಹತ್ತುವವರಿಗೆ ಕೆಳಗೆ ನಿಂತು ಹಗ್ಗ ಹಿಡಿಯುವವರು ಪಟ್ಟಕ ಕೂರಿಸಿದ ಒಂದು ಕನ್ನಡಕ ಹಾಕುತ್ತಾರೆ, ನೇರ ನೋಡಿದರೂ ಮೇಲಿನದು ಕಾಣುತ್ತದೆ. ಅಡಿಕೆ ತೋಟಕ್ಕೂ ಅದು ಒಗ್ಗೀತೇ ಎಂದು ಯಾರಾದರೂ ಯುವ ಕೃಷಿಕರು ನೋಡಬೇಕು.

ಕತ್ತು ಹಿಡಿದುಕೊಂಡ ಮೊದಲೆರಡು ದಿನ ಬಿಸಿನೀರ ಶಾಖ, ಒಂದೆರಡು ನೋವಿನ ಮಾತ್ರೆ, ಎಣ್ಣೆ ಹಚ್ಚಿ ಮೆಲ್ಲಗೆ ನೀವುವುದು ಎಲ್ಲವೂ ಸರಿ. ಆಮೇಲೆ ಬೇಕಾದದ್ದು ಬಲ. ಅಂಗಾತ ಮಲಗಿ, 'ಹೂಂ' ಎನ್ನುವಾಗಿನಂತೆ ಗದ್ದವನ್ನು ಮೆತ್ತಗೆ ಒಳಕ್ಕೆಳೆದು ಐದರಿಂದ ಹತ್ತು ಸೆಕೆಂಡ್ ಹಿಡಿದು ಬಿಡುವುದು, ಹೀಗೆ ಹತ್ತು ಸಲ. ಕತ್ತಿನ ಮುಂಭಾಗದ ಆಳದ ಸ್ನಾಯುಗಳಿಗೆ ಇದಕ್ಕಿಂತ ಸುಲಭದ ಕಸರತ್ತಿಲ್ಲ. ಅಂಗೈಯನ್ನು ಹಣೆಗೆ, ಕಿವಿಯ ಮೇಲ್ಭಾಗಕ್ಕೆ, ತಲೆಯ ಹಿಂಬದಿಗೆ ಒತ್ತಿ, ತಲೆ ಅಲುಗದಂತೆ ಎದುರೊತ್ತುವುದು. ಹೆಗಲ ಮೂಳೆಗಳೆರಡನ್ನೂ ಹಿಂದಕ್ಕೆ, ಕೆಳಕ್ಕೆ ಸೇರಿಸುವುದು. ಆರು ವಾರವಾದರೂ ಮಾಡಬೇಕು, ನಾಲ್ಕು ದಿನಕ್ಕೆ ಗುಣ ಕಾಣಲಿಲ್ಲವೆಂದು ಬಿಡುವವರೇ ಹೆಚ್ಚು. ತೋಳಿನುದ್ದಕ್ಕೂ ಜುಮ್ಮೆಂದು ಇಳಿಯುವ ನರದ ನೋವು ಕೂಡ ಬಹುಪಾಲು ಮಂದಿಗೆ ಕೆಲವು ವಾರ, ತಿಂಗಳುಗಳಲ್ಲಿ ಶಸ್ತ್ರಚಿಕಿತ್ಸೆಯಿಲ್ಲದೆಯೇ ಇಳಿಯುತ್ತದೆ. ದಿಂಬಿನ ವಿಷಯ ಸರಳ: ಮಗ್ಗುಲಾಗಿ ಮಲಗಿದಾಗ ತಲೆ ಬೆನ್ನಿನ ನೇರಕ್ಕೆ ಇರಬೇಕು. ಸಾವಿರಾರು ರೂಪಾಯಿಯ ದಿಂಬು ಕೊಳ್ಳುವ ಮೊದಲು ಇರುವುದಕ್ಕೇ ಒಂದು ಪದರ ಹೊದಿಕೆ ಸೇರಿಸಿ, ತೆಗೆದು ನೋಡಬಹುದು. ಕತ್ತು ನೋವೆಂದು ಹೆಲ್ಮೆಟ್ ಬಿಡುವವರ ಜೊತೆ ವಾದಕ್ಕಿಳಿಯುವಷ್ಟು ಸಹನೆ ನನಗಿಲ್ಲ.

ಮಾತ್ರೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ತಲೆಸುತ್ತಿಗೆ ಕೊಡುವ ಯಾವ ಗುಳಿಗೆಯೂ ಕೊಳವೆಯೊಳಗಿನ ಹರಳನ್ನು ಕದಲಿಸಲಾರದು. ಪ್ರೊಕ್ಲೋರ್‌ಪೆರಜಿನ್, ಸಿನಾರಿಜಿನ್ ಮುಂತಾದವು ವಾಂತಿ, ಸಂಕಟ ತೀವ್ರವಾಗಿದ್ದ ಎರಡು ಮೂರು ದಿನಕ್ಕೆ ಒಳ್ಳೆಯವು. ತಿಂಗಳುಗಟ್ಟಲೆ ನುಂಗಿದರೆ ಮೆದುಳು ತಾನೇ ಸಮತೋಲ ಕಲಿತುಕೊಳ್ಳುವುದನ್ನು ಮಂದ ಮಾಡುತ್ತವೆ. ವಯಸ್ಸಾದವರಲ್ಲಿ ಕೈನಡುಕ, ಮೈಬಿಗಿತ ತಂದು ಪಾರ್ಕಿನ್ಸನ್ ಕಾಯಿಲೆಯ ವೇಷ ಹಾಕಿಸುತ್ತವೆ. ಹಳೆಯ ಚೀಟಿ ತೋರಿಸಿ ಔಷಧದಂಗಡಿಯಲ್ಲಿ ವರ್ಷಗಟ್ಟಲೆ ಅದನ್ನೇ ತರುವ ಮನೆಗಳು ಒಮ್ಮೆ ಆ ಚೀಟಿಯ ತಾರೀಕು ನೋಡಬೇಕು.

ಹರಳಿನ ಸುತ್ತು ಒಮ್ಮೆ ಬಂದವರಿಗೆ ಮತ್ತೆ ಬರುವುದು ಸಾಮಾನ್ಯ, ಅದರಲ್ಲೂ ಐವತ್ತು ದಾಟಿದ ಹೆಂಗಸರಿಗೆ. ಡಿ ಜೀವಸತ್ವ ಕಡಿಮೆಯಿದ್ದರೆ ಅದನ್ನು ತುಂಬಿಕೊಳ್ಳುವುದರಿಂದ ಮರುಕಳಿಕೆ ತಗ್ಗುತ್ತದೆ. ಕಿವಿ ಮೂಗು ಗಂಟಲಿನ ವೈದ್ಯರು, ನರರೋಗ ವೈದ್ಯರು, ಈ ವಿಷಯದಲ್ಲಿ ತರಬೇತಾದ ಫಿಸಿಯೊಥೆರಪಿಸ್ಟ್‌ಗಳು, ಆಡಿಯಾಲಜಿಸ್ಟ್‌ಗಳು ಇದನ್ನು ನೋಡುತ್ತಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಸಮತೋಲದ ಪರೀಕ್ಷೆಗಳನ್ನು ಮಾಡುತ್ತಾರೆ. ಹೋಗುವಾಗ ಎಕ್ಸ್-ರೇ ಇಟ್ಟ ಪ್ಲಾಸ್ಟಿಕ್ ಚೀಲಕ್ಕಿಂತ ಉಪಯೋಗಕ್ಕೆ ಬರುವುದು ಒಂದು ಚೀಟಿ: ಸುತ್ತು ಯಾವಾಗ ಬಂತು, ಏನು ಮಾಡುವಾಗ ಬಂತು, ಎಷ್ಟು ಹೊತ್ತು ಇತ್ತು, ಆಗ ಯಾವ ಯಾವ ಮಾತ್ರೆ ನುಂಗುತ್ತಿದ್ದಿರಿ. ಸುತ್ತು ಬಂದ ಹೊತ್ತಿನಲ್ಲಿ ಮನೆಯವರು ಯಾರಾದರೂ ಪಕ್ಕದಲ್ಲಿದ್ದರೆ, ಕಣ್ಣು ತೆರೆದು ನೋಡುತ್ತಿರುವಂತೆ ಹೇಳಿ ಆ ಕಣ್ಣುಗಳನ್ನು ಹತ್ತಿರದಿಂದ ಮೊಬೈಲಿನಲ್ಲಿ ಚಿತ್ರೀಕರಿಸಿಟ್ಟುಕೊಳ್ಳಲಿ, ಅರ್ಧ ನಿಮಿಷದ್ದಾದರೂ ಸಾಕು. ನೀವು ಬಸ್ಸು ಹಿಡಿದು ಆಸ್ಪತ್ರೆ ತಲುಪುವ ಹೊತ್ತಿಗೆ ಸುತ್ತೂ ನಿಂತಿರುತ್ತದೆ, ಕಣ್ಣಿನ ಜಗ್ಗಾಟವೂ ನಿಂತಿರುತ್ತದೆ. ವೈದ್ಯರಿಗೆ ಬೇಕಾದ ಸುಳಿವು ಆ ವಿಡಿಯೊದಲ್ಲಿ ಉಳಿದಿರುತ್ತದೆ.